ಮುಂದಿನ ಸೀಟಿನ ನೀರು

"ಹಿಂದ ಕುಂದ್ರಿ ಮೇಡಂ," ಎಂದ ಹುಲಿಗೇಶ, ನನ್ನ ಮುಖವನ್ನೂ ನೋಡದೆ.

ಮೈಯೆಲ್ಲ ಉರಿದುಹೋಯಿತು. ಸಿಂಧನೂರಿನಿಂದ ಪಾಮನಕಲ್ಲೂರಿನ ಶಾಲೆಗೆ ದಿನಾ ಅವನ ಹಳೇ ಕಾರಿನಲ್ಲಿ ಒಟ್ಟಿಗೆ ಹೋಗುವ ಶಿಕ್ಷಕರು ನಾನು, ಅವನು ಇಬ್ಬರೇ. ಮುಂದಿನ ಸೀಟು ನನ್ನದು. ಮಳೆ ಹಿಡಿದಾಗಿನಿಂದ ಅಲ್ಲಿ ಅವನ ಬ್ಯಾಗು ಕೂತಿದೆ.

ಲಿಂಗಸುಗೂರಿನ ವರ ನನ್ನನ್ನು ಒಪ್ಪಿದ್ದಾನೆಂದು ಭಾನುವಾರವೇ ಇವನಿಗೆ ಹೇಳಿದ್ದೆ. ಇಂದು ಸಂಜೆ ಅಪ್ಪ ಅವರಿಗೆ ಉತ್ತರ ಕೊಡಬೇಕು. ಇವನು ಬಾಯಿಬಿಟ್ಟು ಒಂದು ಮಾತು ಹೇಳಿದರೆ ಸಾಕು, ಆ ಸಂಬಂಧ ಬೇಡ ಎಂದುಬಿಡುತ್ತೇನೆ. ಮಹಾರಾಯ ನನ್ನನ್ನು ಹಿಂದೆ ಕೂರಿಸುತ್ತಾನೆ!

ಮಸ್ಕಿ ದಾಟುವವರೆಗೂ ಕೂತಲ್ಲಿ ಕೂರಲಾಗಲಿಲ್ಲ. ಕನ್ನಡಿಯಲ್ಲಿ ಅವನ ಕಣ್ಣು ನನ್ನ ಮೇಲೆ ಬರುತ್ತಿತ್ತು, ನಾನು ನೋಡಿದ ಕೂಡಲೇ ರಸ್ತೆಗೆ ಓಡುತ್ತಿತ್ತು.

"ಗಾಡಿ ನಿಲ್ಲಸ್ರಿ."

"ಯಾಕ್ರೀ?"

"ನಿಲ್ಲಸ್ರಿ ಅಂದ್ರ ನಿಲ್ಲಸ್ರಿ!"

ಇಳಿದವಳೇ ಮುಂದಿನ ಬಾಗಿಲು ತೆಗೆದು, ಬ್ಯಾಗು ಹಿಂದಕ್ಕೆಸೆದು ಕೂತೆ. ಕಾಲಿಟ್ಟರೆ ಪಚಕ್! ಬೆರಳು ಮುಳುಗುವಷ್ಟು ತಣ್ಣನೆ ನೀರು.

"ಅಯ್ಯ ಶಿವನೇ, ಏನ್ರೀ ಇದು?"

"ಮಳಿ ನೀರ್ರೀ, ಒಳಗ ಸೋರಾಕತ್ತೈತಿ. ನಿಮ್ಮ ಕಾಲು ತೋಯ್ತಾವಂತ ಹಿಂದ ಕುಂದ್ರಸಿದ್ನಿ."

"ಹೇಳಾಕ ಬಾಯಿ ಇದ್ದಿಲ್ಲೇನು?"

"ನಾಚಿಕಿ ಬಂತ್ರೀ."

ಸಿಟ್ಟೂ ಬಂತು, ನಗೂ ಬಂತು. ಮಳೆ ನಿಂತಿತ್ತು. ಬಾನೆಟ್ ಎತ್ತಿದೆವು. ಮುಂದಿನ ಗಾಜಿನ ಬುಡದಲ್ಲಿ ಮಳೆನೀರು ಹೊರಗೆ ಹೋಗುವ ತೂತೇ ಕಟ್ಟಿಕೊಂಡು, ನೀರು ಕಾರಿನೊಳಗೆ ಇಳಿಯುತ್ತಿತ್ತು. ಬೆರಳು ಹಾಕಿ ಎಳೆದೆ. ಕೊಳೆತ ಚೆಂಡುಹೂವಿನ ಮುದ್ದೆ! ಅಮಾವಾಸ್ಯೆಗೊಮ್ಮೆ ಕಾರಿನ ಪೂಜೆಗೆ ನಾನೇ ಕಟ್ಟಿಕೊಟ್ಟ ಹಾರಗಳು. ಅಲ್ಲಿ ನಿಂತ ನೀರು ಸರ್ರನೆ ನೆಲಕ್ಕೆ ಇಳಿಯಿತು.

"ಇವನ್ನ ಇಲ್ಲ್ಯಾಕ ತುರುಕೀರಿ?"

"ಪೂಜಿ ಹೂವ್ರೀ. ತುಳಿಯೋ ಕಡೆ ಒಗೀಬಾರದು ಅಂತಾಳ ನಮ್ಮವ್ವ."

"ಕಾಲುವಿಗೆ ಬಿಡಬೇಕಿತ್ತು. ದಾರಿತುಂಬ ಕಾಲುವಿ ಅದಾವ!"

ಅವನ ಕಿವಿ ಕೆಂಪಾಯಿತು. "ನೀವು ಕಟ್ಟಿದ್ದು ಅಲ್ಲೇನ್ರೀ? ಬಿಡಾಕ ಮನಸಾಗಲಿಲ್ಲ."

ಇನ್ನು ಕಾಯಲು ನನ್ನಿಂದಾಗದು.

"ಹೂವಿನ ಮ್ಯಾಲೆ ಇಷ್ಟು ಜೀವ. ನನ್ನ ಮ್ಯಾಲೆ?"

"ನಿಮ್ಮ ಮ್ಯಾಲೆ ಐತಿ ಅಂತನ ಹೂವಿನ ಮ್ಯಾಲ್ರೀ," ಎಂದು ಕೊನೆಗೂ ನನ್ನ ಕಣ್ಣಲ್ಲಿ ಕಣ್ಣಿಟ್ಟ.

"ಹಂಗಾದ್ರ ನಮ್ಮಪ್ಪಗ ಹೇಳ್ರಿ. ಈಗ, ಇಲ್ಲೇ."

ನಾನೇ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಅವನ ಕೈಗಿಟ್ಟೆ.

"ಕಾಕಾ, ನಾ ಹುಲಿಗೇಶ್ರೀ. ದೀಪಾನ್ನ ನನಗ ಕೊಡ್ರಿ," ಎಂದು ಒಂದೇ ಉಸಿರಿಗೆ ಹೇಳಿಬಿಟ್ಟ.

ನಾನು ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡೆ.

"ಫೋನ್ನಾಗ ಹೆಣ್ಣು ಕೇಳ್ತಾರೇನಪಾ?" ಎಂದರು ಅಪ್ಪ. "ನೀ ಕೇಳ್ತಿ ಅಂತ ನಾನೂ ಕಾಯಾಕತ್ತಿದ್ನಿ. ಸಂಜಿಗೆ ನಿಮ್ಮವ್ವನ್ನ ಕರ್ಕೊಂಡು ಮನೀಗೆ ಬಾ. ಲಿಂಗಸುಗೂರಿನೋರಿಗೆ ಬ್ಯಾಡಂತ ನಾ ಹೇಳ್ತೀನಿ."

ಫೋನ್ ಕಟ್ಟಾದ ಮೇಲೂ ಹುಲಿಗೇಶ "ಹೂಂರೀ, ಹೂಂರೀ" ಎನ್ನುತ್ತಲೇ ಇದ್ದ.