ಬೀಗ ಹಾಕಿದವರ ಹೆಸರು

"ಸಂಗಮೇಶ ಅಂದ್ರೆ ಯಾರ್ರೀ ಇಲ್ಲಿ?"

ಬಾಗಲೂರಿನಲ್ಲಿ ಅರ್ಧ ಎದ್ದು ನಿಂತಿದ್ದ ಕಟ್ಟಡದ ಅಂಗಳದಲ್ಲಿ ಆ ದನಿ ಮೊಳಗಿದಾಗ, ಕಬ್ಬಿಣ ಬಗ್ಗಿಸುತ್ತಿದ್ದ ಕೈಗಳು ಒಮ್ಮೆಗೇ ನಿಂತವು. ಆಟೋದಿಂದ ಇಳಿದ ಪ್ರತಿಭಾ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು, ಜಲ್ಲಿಯ ರಾಶಿಯನ್ನು ತುಳಿದುಕೊಂಡೇ ಬಂದಳು.

ತಗಡಿನ ಶೆಡ್ಡಿನಿಂದ ಎತ್ತರದ ತರುಣನೊಬ್ಬ ಹೊರಬಂದ.

"ನಾನ ರೀ ಸಂಗಮೇಶ. ಸೈಟ್ ಇಂಜಿನಿಯರ್. ನೀವು... ಪ್ರತಿಭಾ ಮೇಡಮ್ ಅಲ್ರೀ? ದನಿ ಗುರುತು ಹತ್ತಿತ್ರಿ."

ಆ ದನಿ! ಯುಗಾದಿಯಿಂದ ಈಚೆಗೆ ದಿನವೂ ಬೆಳಿಗ್ಗೆ ಫೋನಿನಲ್ಲಿ ಕೆಲಸದ ವರದಿ ಒಪ್ಪಿಸುತ್ತಿದ್ದ ದನಿ. ಕೆಂಪಾಪುರದ ಕಚೇರಿಯಲ್ಲಿ ಕುಳಿತು ಈ ಕಟ್ಟಡದಲ್ಲಿ ಯಾವ ಕೆಲಸ ಯಾವ ದಿನ ಎಂಬ ಯೋಜನೆ ಸಿದ್ಧಪಡಿಸುವ ಪ್ರತಿಭಾ, ವರದಿ ಮುಗಿದ ಮೇಲೂ "ಮತ್ತೇನ್ ಸಮಾಚಾರ?" ಎಂದು ಕೇಳಿ, ಮುಖ ಕಾಣದ ಆ ಮನುಷ್ಯನ ಮಾತನ್ನು ಬೆಳೆಸುತ್ತಿದ್ದಳು. ರಜೆಯ ಭಾನುವಾರ ಅದು ಕೇಳದೆ ದಿನವೇ ಸಪ್ಪೆ.

ಇಂದು ಅದೇ ದನಿಗೆ ಮೈಯೆಲ್ಲ ಉರಿಯಿತು!

"ದನಿ ಗುರುತು ಸಿಗುತ್ತೆ. ಫೋನ್ ಆನ್ ಮಾಡಿಡೋಕೆ ಮಾತ್ರ ಆಗಲ್ಲ, ಅಲ್ವಾ?" ಆಕೆ ಲ್ಯಾಪ್‌ಟಾಪ್ ತೆರೆದು ಅವನ ಮುಖಕ್ಕೆ ಹಿಡಿದಳು. "ಓದಿ! ಜೋರಾಗಿ ಓದಿ, ಎಲ್ರಿಗೂ ಕೇಳ್ಲಿ!"

ಪರದೆಯ ಮೇಲಿತ್ತು: 'ಈ ಫೈಲನ್ನು ಸಂಗಮೇಶ ತೆರೆದಿದ್ದಾರೆ. ನೀವು ಓದಬಹುದು, ತಿದ್ದುವಂತಿಲ್ಲ.'

ಯೋಜನೆಯ ಫೈಲು ಎಲ್ಲರಿಗೂ ಆನ್‌ಲೈನಿನಲ್ಲಿ ಒಂದೇ. ಒಬ್ಬರು ತೆರೆದಿಟ್ಟರೆ ಉಳಿದವರಿಗೆ ಅದಕ್ಕೆ ಬೀಗ. ವೈರಿನ ಪೈಪುಗಳನ್ನು ಇನ್ನೂ ಕೂರಿಸಿಲ್ಲವೆಂದು ತಿಳಿದು, ತಾರಸಿಗೆ ಕಾಂಕ್ರೀಟು ಸುರಿಯುವ ದಿನವನ್ನು ಮುಂದೂಡಲು ನಿನ್ನೆ ಸಂಜೆ ಆಕೆ ಮನೆಯಿಂದ ಎಷ್ಟು ಪ್ರಯತ್ನಿಸಿದರೂ ಫೈಲು ಜಗ್ಗಲಿಲ್ಲ. ಸಂಗಮೇಶನ ಫೋನು ಸ್ತಬ್ಧ. ಬೆಳಿಗ್ಗೆ ಹಳೆಯ ದಿನಾಂಕವನ್ನೇ ನೋಡಿಕೊಂಡು ಕಾಂಕ್ರೀಟು ಲಾರಿಗಳು ಬಂದು, ಸುರಿಯಲಾಗದೆ ಹಿಂದಿರುಗಿದ್ದವು. ಮನೆಯಿಂದಲೇ ಸೇರಿದ್ದ ಆನ್‌ಲೈನ್ ಸಭೆಯಲ್ಲಿ ಕಂಪನಿಯ ಮಾಲೀಕ ನಾಗೇಶ್ ಗುಡುಗಿದಾಗ, ಆಕೆ ಎಲ್ಲರೆದುರು ಈ ಹೆಸರನ್ನೇ ಹೇಳಿದ್ದಳು.

"ನಾಳೆಯಿಂದ ನೀವು ಇಲ್ಲಿರಲ್ಲ. ಟಿ. ದಾಸರಹಳ್ಳಿ ಗೋದಾಮಲ್ಲಿ ಸಾಮಾನು ಕಾಯೋ ಕೆಲಸ. ನಾಗೇಶ್ ಸರ್ ಆರ್ಡರು!"

ಸಂಗಮೇಶನ ಮುಖದ ನಗು ಆರಿತು.

"ಪಾಯಾ ತೋಡಿದ ದಿನದಿಂದ ನಾ ಇಲ್ಲಿ ನಿಂತೀನ್ರಿ. ನನ್ನ ಒಂದು ಮಾತ ಕೇಳಬೇಕು ಅಂತ ನಿಮಗ ಅನಸಲಿಲ್ಲೇನು?"

"ಏನ್ ಕೇಳೋದು? ನಿಮ್ಮ ಹೆಸರೇ ಇದೆಯಲ್ಲ!"

"ನಿನ್ನೆ ಸಂಜಿಯಿಂದ ಇಲ್ಲಿ ಕರೆಂಟ್ ಇಲ್ರಿ. ಕಂಪ್ಯೂಟರ್ ಸತ್ತೈತಿ, ಫೋನ್ ಸತ್ತೈತಿ. ಯಾತರಾಗ ಬೀಗ ಹಾಕಲಿ ನಾನು? ಈ ಇಟ್ಟಂಗಿ ಒಳಗೇನು?"

ನೀರು ಹೊತ್ತು ತರುತ್ತಿದ್ದ ಮುನಿಕೃಷ್ಣಮ್ಮ ಬಿಂದಿಗೆ ಇಳಿಸಿ ಬಾಯಿ ಹಾಕಿದಳು: "ಊ ಕಣವ್ವ, ನೆನ್ನೆಯಿಂದ ಮೋಟ್ರೂ ಇಲ್ಲ, ಸೇದಿ ಸೇದಿ ನನ್ನ ರಟ್ಟೆ ಬಿದ್ದೋಯ್ತು. ಇಂಗ್ಯಾಕ್ ಆ ಮಗೀನ ಮ್ಯಾಲೆ ಎಗರಾಡ್ತೀಯ?"

ಪ್ರತಿಭಾ ಬೆಚ್ಚಿದಳು. ಕರೆಂಟೇ ಇಲ್ಲದ ಕಡೆ ಫೈಲು ತೆರೆದವರು ಯಾರು? ಹಾಗಾದರೆ... ನಿನ್ನೆ ಆಫೀಸಿನಿಂದ ಹೊರಡುವ ಮುನ್ನ...

ಆಕೆ ಕಚೇರಿಯ ಗೆಳತಿಯ ನಂಬರು ಒತ್ತಿದಳು.

"ಮಾಲಾ, ನನ್ನ ಟೇಬಲ್ ಮೇಲಿರೋ ಕಂಪ್ಯೂಟರ್ ನೋಡೇ."

"ನೋಡ್ದೆ. ಆನ್ ಆಗೇ ಇದೆ. ಪ್ಲಾನ್ ಫೈಲು ಓಪನ್ ಆಗಿದೆ ಕಣೇ. ಮೂಲೆಯಲ್ಲಿ ಸಂಗಮೇಶ ಅಂತ ಬೇರೆ ಇದೆ. ನೀನು ಸೇರೋಕೆ ಮುಂಚೆ, ಅವರು ಸೈಟಿಗೆ ಹೋಗೋವರೆಗೂ ಇದು ಅವರ ಸಿಸ್ಟಮ್ಮು ತಾನೇ? ಇನ್ನೂ ಅವರ ಹೆಸರಲ್ಲೇ ಇಟ್ಕೊಂಡಿದ್ದೀಯಾ ಕಳ್ಳಿ?"

"...ಸೇವ್ ಮಾಡಿ ಮುಚ್ಚೇ."

ಮರುಕ್ಷಣವೇ ಪ್ರತಿಭಾಳ ಕೈಯಲ್ಲಿದ್ದ ಲ್ಯಾಪ್‌ಟಾಪಿನಲ್ಲಿ ಬೀಗ ಬಿಟ್ಟಿತು.

ಬೀಗ ಹಾಕಿದವಳು ತಾನೇ! ಯಂತ್ರ ತನ್ನೊಳಗಿದ್ದ ಹಳೆಯ ಹೆಸರನ್ನು ಹೇಳಿತ್ತು, ಅಷ್ಟೆ. ಅದನ್ನು ನಂಬಿ ಒಬ್ಬ ಮನುಷ್ಯನ ಅನ್ನಕ್ಕೆ ಕಲ್ಲು ಹಾಕಿದವಳು ತಾನು! ಅಲ್ಲಿಯವರೆಗೆ ಹೊರಗೆ ಉರಿಯುತ್ತಿದ್ದ ಸಿಟ್ಟು ಈಗ ತನ್ನತ್ತಲೇ ತಿರುಗಿತು.

ಆಕೆ ಅಲ್ಲಿಯೇ ನಿಂತು ನಾಗೇಶ್‌ಗೆ ಕರೆ ಮಾಡಿ ನಡೆದುದನ್ನೆಲ್ಲ ತಿಳಿಸಿದಳು. ಆ ಕಡೆಯಿಂದ ನಗು ಕೇಳಿಸಿತು.

"ಆಯ್ತು ಬಿಡಮ್ಮ. ಯಾರೋ ಒಬ್ರ ತಲೆಗೆ ಕಟ್ಬೇಕಿತ್ತು. ಅವನ ತಲೆಗೇ ಇರ್ಲಿ. ನಿನ್ ಮರ್ಯಾದೆ ಉಳೀತಲ್ಲ, ಸುಮ್ನಿರು."

"ಸುಮ್ನಿರೋದಾ? ಸರ್, ತಪ್ಪು ನಂದು, ಶಿಕ್ಷೆ ಅವರಿಗೆ! ಅಂಥ ಮರ್ಯಾದೆ ನನಗೆ ಬೇಡ. ಎಲ್ರ ಮುಂದೆ ಅವರ ಹೆಸರು ಹೇಳ್ದೆ, ಎಲ್ರ ಮುಂದೇನೇ ವಾಪಸ್ ತಗೋತೀನಿ. ಸ್ಪೀಕರ್ ಹಾಕಿ."

"ನೋಡು, ನಿನ್ ಜಾಗಕ್ಕೆ ಬೇರೆಯವ್ರನ್ನ ನೋಡ್ಬೇಕಾಗುತ್ತೆ."

"ನೋಡಿ ಸರ್. ಮೊದ್ಲು ಸ್ಪೀಕರ್ ಹಾಕಿ!"

ಕೆಲಸಗಾರರೆಲ್ಲ ಕಿವಿಗೊಟ್ಟು ನಿಂತಿದ್ದರು. ಪ್ರತಿಭಾ ತಡವರಿಸದೆ, ಒಂದು ನೆಪವನ್ನೂ ಸೇರಿಸದೆ, ತಪ್ಪು ತನ್ನದೆಂದು ಕಚೇರಿಗೆಲ್ಲ ಕೇಳುವಂತೆ ಹೇಳಿದಳು. ಕೊನೆಗೆ ನಾಗೇಶ್ ಗೊಣಗಿದ: "ಅವನು ಅಲ್ಲೇ ಸಾಯ್ಲಿ. ನಿನ್ ವಿಚಾರ ನಾಳೆ ಮಾತಾಡೋಣ." ಕರೆ ಕಡಿತಗೊಂಡಿತು.

ದಿನಾಂಕ ತಿದ್ದಿ, ಫೈಲು ಮುಚ್ಚಿ ಆಕೆ ತಲೆಯೆತ್ತಿದಾಗ ಸಂಗಮೇಶ ಎವೆಯಿಕ್ಕದೆ ನೋಡುತ್ತಿದ್ದ.

"ಒಂದು ಕೇಳ್ತೀನ್ರಿ. ನನ್ನ ಹೆಸರ ದಿನಾ ನಿಮ್ಮ ಕಣ್ಣ ಮುಂದ ಇತ್ತು. ಯಾಕ ಅಳಿಸಲಿಲ್ಲ?"

ಹೇಳಲೇ? ಹೇಳದೆ ಹೋದರೆ ಇನ್ನೆಂದಿಗೆ?

"ಅಳಿಸೋಕೆ ಮನಸ್ಸು ಬರ್ಲಿಲ್ಲ... ಬೆಳಿಗ್ಗೆ ನಿಮ್ಮ ಫೋನ್ ಇಟ್ಟ ಮೇಲೆ ಸಂಜೆವರೆಗೂ ನನಗೆ ಅದೊಂದೇ ಸಿಗ್ತಿದ್ದಿದ್ದು." ಕಣ್ಣು ತುಂಬಿತು. "ಅದಕ್ಕೇ ಕಣ್ರೀ ಇಷ್ಟು ಸಿಟ್ಟು ಬಂದಿದ್ದು. ಬೇರೆ ಯಾರಾದ್ರೂ ಮೋಸ ಮಾಡಿದ್ರೆ ಹಾಳಾಗ್ಹೋಗ್ಲಿ ಅಂತಿದ್ದೆ. ನೀವು ಮಾಡಿದ್ರಿ ಅನ್ನೋದು ತಡ್ಕೊಳ್ಳೋಕಾಗ್ಲಿಲ್ಲ..."

ಸಂಗಮೇಶ ಶೆಡ್ಡಿನಿಂದ ಕುರ್ಚಿ ತಂದು, ಅದರ ಸಿಮೆಂಟಿನ ದೂಳನ್ನು ತನ್ನ ಅಂಗಿಯ ತೋಳಿನಿಂದ ಒರೆಸಿ, ನೆರಳಿನಲ್ಲಿಟ್ಟ.

"ಕುಂದರ್ರಿ. ಆದ್ರ ನನ್ನ ಸಿಟ್ಟು ಇನ್ನೂ ಇಳದಿಲ್ಲ, ಹೇಳಿಬಿಡ್ತೀನಿ."

"ಇಳಿಯೋವರೆಗೂ ಇಲ್ಲೇ ಕೂತಿರ್ತೀನಿ."

"ಭಾಳ ಹೊತ್ತು ಹಿಡೀತದ್ರಿ..."

"ಹಿಡೀಲಿ."

ಅವನು ಬೇರೆಡೆ ಮುಖ ತಿರುಗಿಸಿಕೊಂಡ. ನಗು ತಡೆಯಲಾಗಲಿಲ್ಲ.

"ಹಂಗಾದ್ರ ಬೇಗ ಇಳಿಸಿಕೊಳ್ಳಾಂಗಿಲ್ಲ ನಾನು."