ಜೇಡಕ್ಕೆ ನನ್ನ ಹೆಸರಿಟ್ಟವನು

"ಕಾಲು ಇಡಬ್ಯಾಡ್ರಿ! ಅಲ್ಲೇ... ಹಂಗೇ ನಿಲ್ರಿ!"

ದುರುಗೇಶ ಎತ್ತಿದ ಬಲಗಾಲನ್ನು ಗಾಳಿಯಲ್ಲೇ ಹಿಡಿದು ನಿಂತ.

ದೇವದುರ್ಗದ ಊರಾಚೆಯ ಬೇವಿನ ಮರಗಳ ಕೆಳಗೆ ಒಬ್ಬ ಹುಡುಗಿ ಬಿಳಿ ಬಟ್ಟೆ ಹಾಸಿ, ಒಣಗಿದ ಎಲೆ ಮಣ್ಣನ್ನು ಜರಡಿ ಹಿಡಿಯುತ್ತಿದ್ದಳು. ಈಗ ಜರಡಿ ಬಿಟ್ಟು, ಮಂಡಿಯೂರಿ, ಅವನ ಚಪ್ಪಲಿಯ ಕೆಳಗೇ ಕಣ್ಣು ನೆಟ್ಟಿದ್ದಳು.

"ಏನು ಕಳಕೊಂಡೀರಿ? ಮೂಗುಬಟ್ಟೇನ್ರಿ?"

"ಜೇಡ."

"ಕಾಣವಲ್ದಲ್ರಿ!"

"ಎರಡು ಮಿಲಿಮೀಟರ್ ಅದ. ಕಾಣಬೇಕಂದ್ರ ನೋಡೋ ಕಣ್ಣು ಬೇಕು!"

ಅಬ್ಬಾ, ಏನು ಸೊಕ್ಕು... ಎಂದುಕೊಂಡ ಅವನು. ಒಂಟಿಗಾಲಲ್ಲಿ ಎಷ್ಟು ಹೊತ್ತು ನಿಲ್ಲುತ್ತಾನೋ ನೋಡೋಣ... ಎಂದುಕೊಂಡಳು ಅವಳು.

ಅವನು ನಿಲ್ಲಲಿಲ್ಲ. ಹಿಂದಕ್ಕೆ ಒಂದು ಹೆಜ್ಜೆ ಇಟ್ಟು ಕುಕ್ಕರುಗಾಲಲ್ಲಿ ಕುಳಿತು, ಕಿಸೆಯಿಂದ ಸಣ್ಣ ಕುಂಚ ತೆಗೆದ. ಅದನ್ನು ಅವಳ ಸ್ಪಿರಿಟ್ ಬಾಟಲಿಗೆ ಅದ್ದಿ, ಬಟ್ಟೆಯ ಮಡಿಕೆಯಲ್ಲಿ ಓಡುತ್ತಿದ್ದ ಕಿತ್ತಳೆ ಚುಕ್ಕೆಯೊಂದನ್ನು ತುದಿಗೆ ಅಂಟಿಸಿಕೊಂಡು ಎತ್ತಿದ. ಕಾಲು ಮುರಿಯದೆ ಜೇಡವನ್ನು ಹಾಗೆ ಎತ್ತುವುದನ್ನು ಕಲಿಯಲು ಅವಳಿಗೆ ಒಂದು ವರ್ಷ ಹಿಡಿದಿತ್ತು.

"ನೀವು... ಯಾರ್ರಿ?"

"ದುರುಗೇಶ. ಮಾನವಿ ತಾಲೂಕು, ಕಲ್ಲೂರು. ರಾಯಚೂರಿನಾಗ ನಿಮ್ಮ ಲ್ಯಾಬಿಗೇ ನಿನ್ನೆ ಸೇರೀನ್ರಿ. ದೇವದುರ್ಗಕ್ಕ ಹೋಗು, ವಿಶಾಖಾ ಮೇಡಂ ಅಲ್ಲೇ ಎಲಿ ಜಾಡಿಸಾಕತ್ತಿರ್ತಾರ ಅಂತ ಸರ್ ಕಳಿಸಿದ್ರು."

ವಿಶಾಖಾಳಿಗೆ ನಗು ಬಂತು. ತಡೆದಳು. ಅವನ ಕಣ್ಣಿಗೆ ಅದು ಬಿದ್ದೇ ಬಿಟ್ಟಿತು!

*

ವಿಶಾಖಾ ಹುಡುಕುತ್ತಿದ್ದ ಗಾಬ್ಲಿನ್ ಜೇಡ ಗೋಡೆಯ ಮೂಲೆಯಲ್ಲಿ ಬಲೆ ಕಟ್ಟಿ ಕೂರುವ ಜಾತಿಯಲ್ಲ. ಉದುರಿದ ಎಲೆಯ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದೆ ಬದುಕಿ ಸಾಯುವ ಜೀವ. ಕಣ್ಣು ಆರೇ ಆರು. ಗಂಡು ಜೇಡದ ಬಾಯಿಯ ಪಕ್ಕ ಎರಡು ಗಿಡ್ಡ ಕೈಗಳಿರುತ್ತವೆ. ಆ ಕೈಯ ತುದಿಯ ಆಕಾರ ನೋಡಿಯೇ ಇದು ಗೊತ್ತಿರುವ ಜಾತಿಯೋ, ಹೊಸದೋ ಎಂದು ಹೇಳಬೇಕು.

ಹೊಸದು ಎಂದಾದರೆ ಅದನ್ನು ಕೂದಲೆಳೆಯಷ್ಟೂ ಬಿಡದೆ ಅಳೆದು, ಬರೆದು, ಅಚ್ಚು ಹಾಕಿಸಬೇಕು. ಹಾಗೆ ಮೊದಲು ಬರೆದವರ ಹೆಸರು ಆ ಜೀವಿಯ ಹೆಸರಿನ ಬೆನ್ನಿಗೇ ನಿಲ್ಲುತ್ತದೆ. ನೂರು ವರ್ಷವಾದರೂ ಯಾರೂ ತೆಗೆಯುವಂತಿಲ್ಲ.

ವಿಶಾಖಾಳಿಗೆ ಬೇಕಾಗಿದ್ದದ್ದು ಅದೊಂದೇ.

ಅವಳ ಅಜ್ಜ ನಾಲೆ ಅಗೆದವನು. ನಾಲೆಯ ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಂಡವರು ಬೇರೆ. ಅವ್ವ ಗೋಪಮ್ಮ ಇಪ್ಪತ್ತು ವರ್ಷ ಮಂದಿಯ ಹೊಲದಲ್ಲಿ ಹತ್ತಿ ಬಿಡಿಸಿದವಳು. ಅಪ್ಪ ಮಲ್ಲಯ್ಯ ಶಾಲೆಯ ಜವಾನ. ಸಾವಿರಾರು ಮಕ್ಕಳ ಹೆಸರಿರುವ ಹಾಜರಿ ಪುಸ್ತಕ ಹೊತ್ತು ತಿರುಗಿ ನಿವೃತ್ತನಾದವನು.

"ಅಪ್ಪಾ, ಬರೆದವರು ಅಂತ ಅಚ್ಚಿನ್ಯಾಗ ನನ್ನ ಹೆಸರು ಬೀಳ್ತದ ನೋಡು!" ಎಂದು ಅವಳು ಹೇಳಿದಾಗ, ಆ ಮನುಷ್ಯ ಮೂರು ಸಲ "ಖರೇನಾ?" ಎಂದು ಕೇಳಿದ್ದ.

ದೇವದುರ್ಗದಲ್ಲಿ ಅವಳಿಗೆ ಸಿಕ್ಕದ್ದು ಗಂಡು. ಕೈಯ ತುದಿ ಕೊಂಡಿಯಂತೆ ಬಾಗಿತ್ತು. ಜಗತ್ತಿನ ಯಾವ ಪುಸ್ತಕದಲ್ಲೂ ಇಲ್ಲದ ಕೊಂಡಿ! ಎರಡು ವರ್ಷ ಜರಡಿ ಹಿಡಿದರೂ ಅದರ ಹೆಣ್ಣು ಸಿಗಲಿಲ್ಲ.

ಅಷ್ಟರಲ್ಲಿ ದುರುಗೇಶ "ರೀ" ಬಿಟ್ಟು "ನೀ" ಎನ್ನತೊಡಗಿದ್ದ. ಕಲ್ಲೂರಿನಿಂದ ಬರುವಾಗ ಅವಳಿಗೆಂದೇ ಎರಡು ರೊಟ್ಟಿ ಜಾಸ್ತಿ ತರುತ್ತಿದ್ದ. ಒಂದು ದಿನ ರೊಟ್ಟಿಯ ಜೊತೆ ಒಂದು ಬಾಟಲಿಯೂ ಬಂತು.

"ಕಲ್ಲೂರು ಗುಡ್ಡದಾಗ ಸಿಕ್ಕಾಳ ನೋಡು! ಅದೇ ಬಣ್ಣ, ಅದೇ ಗಾತ್ರ. ಗಂಡು ನಿಮ್ಮೂರಂವ, ಹೆಣ್ಣು ನಮ್ಮೂರಾಕಿ. ಜೋಡಿ ಕೂಡ್ತಲ್ಲ!"

"ಬಣ್ಣ ನೋಡಿ ಜೋಡಿ ಮಾಡಾಕ ಬರಂಗಿಲ್ಲ ದುರುಗೇಶ. ಎರಡೂ ಒಂದೇ ಜರಡ್ಯಾಗ ಸಿಗಬೇಕು. ನನಗ್ಯಾಕೋ ಇವು ಬ್ಯಾರೆ ಬ್ಯಾರೆ ಅನ್ನಸ್ತಾವ."

"ನಮ್ಮಿಬ್ಬರನ್ನ ನೋಡಿನೂ ಮಂದಿ ಅದನ್ನೇ ಅಂತಾರ, ಬ್ಯಾರೆ ಬ್ಯಾರೆ ಅಂತ."

ಅವಳು ತಲೆಯೆತ್ತಿದಳು. ಅವನದು ಕುರಿ ಕಾಯುವ ಮನೆತನ. ಇವಳದು ಬುದ್ಧನ ದಾರಿ ಹಿಡಿದ ಕೂಲಿಯವರ ಮನೆ. ಆ ಮಾತು ಇಬ್ಬರ ನಡುವೆ ಅದುವರೆಗೂ ಬಂದಿರಲಿಲ್ಲ.

"ನಿಮ್ಮನ್ಯಾಗ... ಒಪ್ತಾರಾ?"

"ಒಪ್ಪಿಸ್ತೀನಿ. ನೀ ಹೂಂ ಅನ್ನು ಸಾಕು."

ಅವಳು ಹೂಂ ಅನ್ನಲಿಲ್ಲ. ಅವನು ಹಿಡಿದ ಕೈಯನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ. ಜೇಡದ ಬಗ್ಗೆ ಇದ್ದ ಅನುಮಾನವನ್ನೂ ಆ ಗಳಿಗೆಯಲ್ಲಿ ಮರೆತುಬಿಟ್ಟಳು ಹುಚ್ಚಿ!

*

ಲ್ಯಾಬಿನ ಸರ್ ನಿವೃತ್ತರಾಗುವಾಗ, "ಇದು ನಿಮ್ಮ ಕೆಲಸ, ನೀವಿಬ್ಬರೇ ಬರೀರಿ" ಎಂದಿದ್ದರು. ಗಂಡಿನ ವಿವರವೆಲ್ಲ ವಿಶಾಖಾ ಬರೆದಳು. ಫೋಟೋ ಜೋಡಿಸಿ ಪತ್ರಿಕೆಗೆ ಕಳಿಸುವ ಕೆಲಸ ದುರುಗೇಶನದಾಯಿತು.

"ಉತ್ತರ ಬಂತಾ?"

"ಇನ್ನೂ ಇಲ್ಲ."

ಐದು ತಿಂಗಳು ಇದೇ ಮಾತು.

ಬುದ್ಧ ಪೂರ್ಣಿಮೆಯ ಬೆಳಿಗ್ಗೆ ಅವನು ದೇವದುರ್ಗದ ಅವಳ ಮನೆಗೇ ಬಂದ. ಇಸ್ತ್ರಿಯ ಅಂಗಿ, ಕೈಯಲ್ಲಿ ಪೇಢೆಯ ಪೊಟ್ಟಣ, ಕಂಕುಳಲ್ಲಿ ಒಂದು ಫೈಲು. ಮನೆಯವರೆಲ್ಲ ಬಿಳಿ ಉಟ್ಟಿದ್ದರು. ಗೋಪಮ್ಮ ಪಾಯಸದ ಬಟ್ಟಲು ಕೊಟ್ಟು, "ಕೂಡು ತಮ್ಮಾ" ಎಂದಳು.

ಹೆಣ್ಣು ಕೇಳಲು ಬಂದಿದ್ದಾನೆ! ವಿಶಾಖಾ ಸೆರಗು ಸರಿಮಾಡಿಕೊಂಡಳು.

"ಯಪ್ಪಾ, ಯವ್ವಾ... ಮೊದಲು ಇದನ್ನ ನೋಡ್ರಿ." ಅವನು ಫೈಲು ಬಿಚ್ಚಿ ಅಚ್ಚಾದ ಹಾಳೆಗಳನ್ನು ಮಲ್ಲಯ್ಯನ ಕೈಗಿಟ್ಟ. "ಆ ಹೊಸ ಜೇಡಕ್ಕ ನಿಮ್ಮ ಮಗಳ ಹೆಸರು ಇಟ್ಟೀನಿ. ಲ್ಯಾಟಿನ್‌ನ್ಯಾಗ ವಿಶಾಖೇ ಅಂತ! ಭೂಮಿ ಇರೋ ತನಕ ಅಳಿಯಂಗಿಲ್ಲ."

ಗೋಪಮ್ಮ ಬಾಯಿಗೆ ಸೆರಗು ಹಿಡಿದಳು. ಮಲ್ಲಯ್ಯ ಕನ್ನಡಕ ಏರಿಸಿ, ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಹುಡುಕಿದ.

"ಬರೆದವರು ಅಂತ ಯಾರ ಹೆಸರದ ತಮ್ಮಾ?"

"...ನಂದು ಅದರಿ."

"ನಮ್ಮ ಹುಡುಗಿದು?"

"ಆಕಿದು... ಕಡೀಗೆ. ಧನ್ಯವಾದ ಹೇಳಿದ ಕಡಿ ಅದ."

ವಿಶಾಖಾ ಹಾಳೆಗಳನ್ನು ಕಿತ್ತುಕೊಂಡಳು. ಒಂದು ಪುಟ, ಎರಡು ಪುಟ... ಎಲ್ಲ ಅವಳವೇ ವಾಕ್ಯಗಳು. ಕಣ್ಣುಗಳ ನಡುವಿನ ಅಂತರ, ಕೊಂಡಿಯ ಬಾಗು, ಅವಳು ಏಳು ಸಲ ಅಳೆದ ಅಳತೆ. ಅವಳು ಬೇಡವೆಂದಿದ್ದ ಕಲ್ಲೂರಿನ ಹೆಣ್ಣೂ ಅದೇ ಜಾತಿಯೆಂದು ಸೇರಿಬಿಟ್ಟಿತ್ತು. ಲೇಖಕರ ಜಾಗದಲ್ಲಿ ಒಂದೇ ಹೆಸರು.

"ಇವು ನನ್ನ ವಾಕ್ಯ."

"ಹೌದು... ವಿಶಾಖಾ, ಸ್ವಲ್ಪ ಕೇಳು. ತಾವೇ ಬರೆದ ಜೀವಿಗೆ ತಮ್ಮ ಹೆಸರು ಇಟ್ಕೊಂಡ್ರ ನಮ್ಮ ಮಂದಿ ನಗ್ತಾರ. ಕಾಯ್ದೆ ಇಲ್ಲ, ಆದ್ರ ರೂಢಿ ಅದ, ನಿನಗೂ ಗೊತ್ತದ. ನಿನ್ನ ಹೆಸರು ಜೇಡಕ್ಕ ಇಡಬೇಕಂದ್ರ ಲೇಖಕರ ಸಾಲಿನ್ಯಾಗಿಂದ ನಿನ್ನ ತೆಗೀಬೇಕಾತು. ಮೊದಲೇ ಹೇಳಿದ್ರ ನಿನಗ ಅಚ್ಚರಿ ಆಗ್ತಿದ್ದಿಲ್ಲ..."

"ನನ್ನ ಹೆಸರು ಉಳಿಸಾಕ ನನ್ನ ಹೆಸರು ತೆಗದಿ?"

"ಪ್ರೀತಿಲೇ ಮಾಡೀನಿ!"

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಮುಖ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ಕದ್ದವನಾಗಿದ್ದರೆ ಬೈದು ಕಳಿಸಬಹುದಿತ್ತು. ಪ್ರೀತಿಸಿ, ಅವಳ ಜೀವಮಾನದ ಆಸೆಯನ್ನೇ ಹಾಳೆಯಿಂದ ತೆಗೆದು, ಅದನ್ನೇ ಉಡುಗೊರೆ ಎಂದು ತಂದವನನ್ನು ಏನೆಂದು ಬೈಯುವುದು?

ಮಾತಾಡಿದವಳು ಗೋಪಮ್ಮ. ಅವಳಿಗೆ ಓದು ಬರುವುದಿಲ್ಲ, ಆದರೆ ಲೆಕ್ಕ ತಪ್ಪುವವಳಲ್ಲ.

"ಜ್ಯಾಡಕ್ಕ ನನ್ನ ಮಗಳ ಹೆಸರು, ಆಕಿ ದುಡಿಮಿಗೆ ನಿನ್ನ ಹೆಸರಾ ತಮ್ಮಾ? ಇದನ್ನ ನಾವು ಹಿಂದಿನಿಂದ ನೋಡ್ಕೋತ ಬಂದೀವಿ. ಪೇಢೆ ತಗೊಂಡು ಹೋಗು."

ಅವನು ವಿಶಾಖಾಳ ಕಡೆ ನೋಡಿದ.

"ಹೋಗ್ರಿ," ಎಂದಳು ಅವಳು. ಎರಡು ವರ್ಷದ ಮೇಲೆ ಮತ್ತೆ ಬಹುವಚನ ಬಂದಿತ್ತು.

*

"ದೂರು ಕೊಡು! ಅವನ ಪಿಎಚ್‌ಡಿ ಹೋಗಲಿ!" ಲ್ಯಾಬಿನ ಗೆಳತಿ ತಹಸೀನ್ ರೇಗಿದಳು.

ದೂರಿನ ಅಗತ್ಯ ಬೀಳಲಿಲ್ಲ. ದುರುಗೇಶ ತಾನೇ ಪತ್ರಿಕೆಗೆ ಎಲ್ಲ ಬರೆದು ಒಪ್ಪಿಕೊಂಡಿದ್ದ. ಅವರ ಉತ್ತರವನ್ನು ತಹಸೀನ್ ಕೈಯಲ್ಲಿ ಕಳಿಸಿಯೂ ಇದ್ದ. ಆ ಉತ್ತರ ಸಣ್ಣದು: ತಿದ್ದುಪಡಿಯ ಟಿಪ್ಪಣಿಯಲ್ಲಿ ವಿಶಾಖಾಳ ಕೆಲಸವನ್ನು ಹೇಳುತ್ತೇವೆ, ಆದರೆ ಜೇಡದ ಹೆಸರಿನ ಬೆನ್ನಿಗೆ ನಿಲ್ಲುವ ಹೆಸರು ಮೊದಲು ಅಚ್ಚಾದದ್ದೇ.

ಆಯಿತು, ಮುಗಿಯಿತು. ಇಷ್ಟು ದೊಡ್ಡ ಭೂಮಿಯ ಮೇಲೆ ಆ ಕೊಂಡಿಯ ಜೇಡವನ್ನು ಮೊದಲು ಕಂಡ ಕಣ್ಣು ಇವಳದು. ಬರೆದವನು ಎಂಬ ಹೆಸರು ಅವನದು!

ಅವಳು ರಾಯಚೂರು ಬಿಟ್ಟು ಮಾನವಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದಳು. ಜರಡಿಯನ್ನು ಮುಟ್ಟಲಿಲ್ಲ. ಅವನ ಮೆಸೇಜುಗಳನ್ನು ತೆರೆಯಲಿಲ್ಲ. ಅಳಿಸಲೂ ಇಲ್ಲ.

ಅದೇ ಅವಳಿಗೆ ಸಿಟ್ಟು. ಇಷ್ಟೆಲ್ಲ ಆದ ಮೇಲೂ ಬಸ್ಸಿನಲ್ಲಿ "ಕಲ್ಲೂರು, ಕಲ್ಲೂರು" ಎಂದು ಕಂಡಕ್ಟರ್ ಕೂಗಿದರೆ ಕಣ್ಣು ತಾನಾಗಿ ಬಾಗಿಲ ಕಡೆ ಹೋಗುತ್ತಿತ್ತು. ಮಾನ ಮರ್ಯಾದೆ ಇಲ್ಲದ ಮನಸ್ಸು ಎಂದು ತನ್ನನ್ನೇ ಶಪಿಸಿಕೊಳ್ಳುತ್ತಿದ್ದಳು. ಅವ್ವನ ಮುಂದೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ಅವ್ವನಿಗೆ ಗೊತ್ತಿಲ್ಲದೆ ಇರಲಿಲ್ಲ.

ಮುಂಗಾರು ಮುಗಿದು ಹತ್ತಿ ಬಿಡಿಸುವ ಕಾಲ ಬಂತು.

*

ಮಧ್ಯಾಹ್ನದ ಪ್ರಾಕ್ಟಿಕಲ್ ಮುಗಿಸಿ ಅವಳು ಸೂಕ್ಷ್ಮದರ್ಶಕಕ್ಕೆ ಬಟ್ಟೆ ಹೊದಿಸುತ್ತಿದ್ದಳು. ಬಾಗಿಲಲ್ಲಿ ದುರುಗೇಶ ನಿಂತಿದ್ದ. ಸೊರಗಿದ್ದ. ಕೈ ತುಂಬ ಮುಳ್ಳಿನ ಗೀರು.

"ಯಾಕ ಬಂದ್ರಿ?"

ಅವನು ಮೇಜಿನ ಮೇಲೆ ಎರಡು ಪುಟ್ಟ ಬಾಟಲಿ ಇಟ್ಟ.

"ಕಲ್ಲೂರು ಗುಡ್ಡದ್ದು. ಮಳಿ ಶುರುವಾದಾಗಿನಿಂದ ಜರಡಿ ಹಿಡದೀನಿ. ಹೋದ ಸೋಮವಾರ ಒಂದೇ ಜರಡ್ಯಾಗ ಎರಡೂ ಸಿಕ್ಕಾವ, ಗಂಡು, ಹೆಣ್ಣು. ನೋಡ್ರಿ."

ನೋಡಬಾರದು ಎಂದುಕೊಂಡಳು. ಕೈ ಬಟ್ಟೆ ತೆಗೆದೇಬಿಟ್ಟಿತು.

ಹೆಣ್ಣು ಅದೇ, ಅವನು ಅಂದು ತಂದಿದ್ದಂಥದ್ದೇ. ಗಂಡಿನ ಕೈಯ ತುದಿಯಲ್ಲಿ ಕೊಂಡಿ ಇರಲಿಲ್ಲ. ನೆಟ್ಟಗೆ, ಸೂಜಿಯಂತೆ ಚೂಪಾಗಿತ್ತು.

ಅವಳು ಫೋಕಸ್ ತಿರುಗಿಸಿ ಮತ್ತೊಮ್ಮೆ ನೋಡಿದಳು.

"ಬ್ಯಾರೆ ಜಾತಿ..."

"ಹೌದು. ನೀವು ಹೇಳಿದ್ದೇ ಖರೆ ಇತ್ತು. ನಾ ಬರೆದ ಹೆಣ್ಣು ತಪ್ಪು. ಹೆಸರು ಇಟ್ಟದ್ದು ನಿಮ್ಮ ಗಂಡು ಜೇಡಕ್ಕ, ಅದಕ್ಕ ಅದು ಹಂಗೇ ಉಳೀತದ. ಈ ಕಲ್ಲೂರಿಂದಕ್ಕ ಇನ್ನೂ ಹೆಸರಿಲ್ಲ." ಅವನು ಬಾಟಲಿಗಳನ್ನು ಅವಳ ಕಡೆ ಸರಿಸಿದ. "ನೀವು ಬರೀರಿ. ನಾ ತಪ್ಪು ಮಾಡೀನಂತನೂ ಬರೀರಿ. ನಿಮ್ಮ ಹೆಸರೊಂದೇ ಇರ್ಲಿ."

"ಮತ್ತ ದಾನ ಕೊಡಾಕ ಬಂದ್ರೇನು?!"

ಅವಳ ದನಿಗೆ ಅವಳೇ ಬೆಚ್ಚಿದಳು.

"ಅವತ್ತೂ ನೀವೇ ಕೊಟ್ರಿ, ಇವತ್ತೂ ನೀವೇ ಕೊಡಾಕತ್ತೀರಿ! ನನಗೇನು ಬೇಕು ಅಂತ ಒಮ್ಮೆರ ಕೇಳೀರೇನು? ಐದು ತಿಂಗಳು ನನ್ನ ಮುಖ ನೋಡ್ಕೋತ ಸುಳ್ಳು ಹೇಳಿದ್ರಿ! ನಮ್ಮಪ್ಪ ಆ ಹಾಳ್ಯಾಗ ನನ್ನ ಹೆಸರು ಹುಡುಕಿದ್ದು ನೋಡಿದ್ರಲ್ಲ? ಅಪ್ಪನ ಬೆರಳು ನಿಮ್ಮ ಹೆಸರಿನ ಮ್ಯಾಲೆ ಹೋಗಿ ನಿಂತದ್ದು ನನಗ ಈಗೂ ಕಣ್ಣಿಗೆ ಕಟ್ತದ!"

"ನನಗೂ."

ಅವನು ಕಣ್ಣು ಒರೆಸಿಕೊಳ್ಳಲಿಲ್ಲ, ನೆವ ಹೇಳಲಿಲ್ಲ. ಅವಳ ಮುಖ ನೋಡಿ ಕೇಳಿದ.

"ಏನು ಬೇಕು ವಿಶಾಖಾ? ಈಗ ಕೇಳಾಕತ್ತೀನಿ."

ಬೇಕಾದ್ದು ಮೇಜಿನ ಮೇಲೇ ಇತ್ತು. ತನ್ನ ಹೆಸರೊಂದೇ! ಅವನನ್ನು ಕಡೆಯ ಪುಟದ ಧನ್ಯವಾದಕ್ಕೆ ತಳ್ಳಿದರೆ ಕೇಳುವವರಿಲ್ಲ. ಅವನೇ ಒಪ್ಪಿದ್ದಾನೆ. ಆ ಹಾಳೆಯನ್ನು ಅವನ ಮುಖಕ್ಕೆ ಹಿಡಿಯಬೇಕು, ಅವನಿಗೂ ಉರಿಯಬೇಕು... ಆರು ತಿಂಗಳಿನಿಂದ ಅವಳು ಬಯಸಿದ್ದು ಇದನ್ನೇ ಅಲ್ಲವೇ?

ಅವನ ಕೈಯ ಗೀರುಗಳು ಕಣ್ಣಿಗೆ ಬಿದ್ದವು. ಆ ಗುಡ್ಡದ ಎಲೆ ಜಾಡಿಸಿದವನು ಅವನು. ಈ ಗಂಡನ್ನು ಮೊದಲು ಕಂಡವನು ಅವನು. ಅವನ ಹೆಸರು ಬಿಟ್ಟರೆ, ತಾನು ಮಾಡುವುದೂ ಅದನ್ನೇ.

"ನನ್ನ ಹೆಸರು ಮೊದಲು," ಎಂದಳು. "ನಿಂದು ಆಮ್ಯಾಲ."

ಅವನು ತಲೆಯೆತ್ತಿದ. "ನಂದು ಬ್ಯಾಡ ಅಂದ್ನಲ್ಲ..."

"ನೀ ಬ್ಯಾಡ ಅಂದ್ರ ಬಿಡಾಕ ಬರಂಗಿಲ್ಲ. ನೀ ದುಡದೀಯಿ. ದುಡಿದವರ ಹೆಸರು ಬಿಡೋದು ನಿಮ್ಮ ಕಡೆ ರೂಢಿ ಇರಬಹುದು, ನನ್ನ ಕೈಲಿ ಆಗಂಗಿಲ್ಲ. ಆದ್ರ ಕೇಳು, ಹಿಂದೆ ಬರೆದವ ತಪ್ಪು ಬರದಾನ ಅಂತ ಒಂದು ವಾಕ್ಯ ಇರ್ತದ. ಅದರ ಕೆಳಗ ನಿನ್ನ ಹೆಸರೂ ಇರ್ತದ. ತಡಕೋತಿ?"

"ತಡಕೋತೀನಿ."

"ಕಳಿಸೋದು ನಾನು. ಉತ್ತರ ಬರೋದು ನನಗ."

"ಹೂಂ."

ಹೊರಗೆ ಕಾಲೇಜಿನ ಗಂಟೆ ಬಾರಿಸಿತು.

"ವಿಶಾಖಾ... ನನ್ನ ಕ್ಷಮಿಸೀಯೇನು?"

"ಇಲ್ಲ."

ಅವನು ತಲೆಯಾಡಿಸಿದ.

"ಪ್ರೀತಿ ಹೋಗಿಲ್ಲ," ಎಂದಳು ಅವಳು. ಈಗ ಕಣ್ಣೀರು ತಡೆಯಲಾಗಲಿಲ್ಲ. "ಹೋಗಿದ್ರ ಚಲೋ ಇತ್ತು, ಸುಳ್ಳ್ಯಾಕ ಹೇಳ್ಲಿ? ಆದ್ರ ಕ್ಷಮಾ ಇನ್ನೂ ಬಂದಿಲ್ಲ. ಯಾವಾಗ ಬರ್ತದೋ ಗೊತ್ತಿಲ್ಲ. ಬರದೇನೂ ಇರಬಹುದು."

"ಅಲ್ಲೀತನಕ ನಾ ಹೋಗ್ಲೋ, ಇರ್ಲೋ?"

ಅವಳು ಸೂಕ್ಷ್ಮದರ್ಶಕದ ಕಡೆ ತಿರುಗಿ, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒದ್ದೆ ಕಣ್ಣಲ್ಲಿ ಜೇಡ ಕಾಣುವುದಿಲ್ಲ.

"ಆ ಸ್ಟೂಲು ಎಳಕೊಂಡು ಕೂಡು. ನಾ ಹೇಳ್ತೀನಿ, ನೀ ಬರ್ಕೋ."

ಅವನು ಕುಳಿತು ಪೆನ್ನು ತೆಗೆದ.

"ಮೊದಲು ಏನು ಬರೀಲಿ?"

"ಲೇಖಕರು," ಎಂದಳು ವಿಶಾಖಾ. "ವಿಶಾಖಾ ಮಲ್ಲಯ್ಯ, ದೇವದುರ್ಗ. ಸಾವಕಾಶ ಬರಿ... ನಾ ನೋಡಬೇಕು."