ಗೋಡೆಯಾಚೆಯ ಹಂದಿಗಳು

“ಹಂದಿಗಳು ಪಾಪ, ಅವಕ್ಕೆ ಬುದ್ಧಿ ಇಲ್ಲ. ನಿನಗೇನಾಗಿದೆ? ಅವುಗಳ ಜೊತೆ ಹೊರಳಾಡಿ ಬಂದ ಹಾಗೆ ನಾರ್ತೀಯಲ್ಲೋ!”

ಕಿರಾಣಿ ಅಂಗಡಿಯ ಮುಂದೆ ನಿಂತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಟಾಕಿಯ ಕಿವಿ ಕೆಂಪಾಯಿತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನೆಂದು ಬೀದಿಯವರು ಅವನಿಗಿಟ್ಟ ಹೆಸರು ಅದು. ಬೇರೆ ಯಾರಾದರೂ ಅಂದಿದ್ದರೆ ಹಲ್ಲು ಉದುರಿಸುತ್ತಿದ್ದ. ಆದರೆ ಅಂದವಳು ಪಕ್ಕದ ಮನೆಯ ಟೈಲರ್ ಹುಡುಗಿ. ಅವಳ ಹೊಲಿಗೆ ಮಿಷನ್ನಿನ ಸದ್ದು ಕೇಳದಿದ್ದರೆ ಅವನಿಗೆ ಬೆಳಗಾದಂತೆಯೇ ಅನ್ನಿಸುತ್ತಿರಲಿಲ್ಲ.

“ಗಿರಾಕಿ ಹೊಸ ಡ್ರೆಸ್ ಬಿಸಾಕಿ ಹೋದ್ಲು, ಹಂದಿ ವಾಸನೆ ಅಂತ,” ಎಂದಳು ಅವಳು.

ಅಂಗಡಿಯ ಅಜ್ಜ ತೀರ್ಪು ಕೊಟ್ಟೇಬಿಟ್ಟ. “ಭಾನುವಾರ ಬಂದು ನೋಡ್ತೀವಿ. ವಾಸನೆ ಹೋಗಿರ್ಬೇಕು, ಇಲ್ಲಾ ಹಂದಿ ಹೋಗ್ಬೇಕು.”

ಹಂದಿ ಹೋದರೆ ಪಟಾಕಿಯ ಹೊಟ್ಟೆಪಾಡು ಹೋಯಿತು. ಹೊಟ್ಟೆಪಾಡು ಹೋದರೆ ಈ ಬೀದಿ, ಅವಳ ಕಿಟಕಿ, ಎಲ್ಲ ಹೋಯಿತು.

ಪಟಾಕಿ ಹಲ್ಲು ಕಚ್ಚಿ ಹಿತ್ತಿಲಿನ ಹಂದಿಗೂಡಿಗೆ ಪೈಪು ಹಿಡಿದ. ತೊಳೆದ, ಮತ್ತೆ ತೊಳೆದ. ವಾಸನೆ ಇನ್ನೂ ಜೋರಾಯಿತು!

ಕಾಂಪೌಂಡ್ ಗೋಡೆಯ ಮೇಲೆ ಒಂದು ತಲೆ ಎದ್ದಿತು. ಮೂಗಿಗೆ ಹೂವಿನ ಬಟ್ಟೆಯ ಚೂರು. ಅದರ ಮೇಲೆ ನಗು ತಡೆದುಕೊಂಡ ಎರಡು ಕಣ್ಣು.

“ಪುಣ್ಯಾತ್ಮ, ನೀರು ನಿಲ್ಸು! ಒದ್ದೆ ಆದಷ್ಟೂ ನಾರುತ್ತೆ. ನಲ್ಲಿ ನೀರು ಬರದೆ ನೀನು ತೊಳೆಯದ ದಿನ ನಾನು ಕಿಟಕಿ ತೆಗೆದೇ ಹೊಲೀತೀನಿ. ನೋಡಿಲ್ವಾ?”

“ನಿನ್ನ ಕಿಟಕಿ ನೋಡ್ತಾ ಕೂರೋಕೆ ನನಗೇನು ಬೇರೆ ಕೆಲಸ ಇಲ್ವಾ?”

“ಇಲ್ಲ. ನನಗೆ ಗೊತ್ತು.”

ಪೈಪು ಅವನ ಕೈ ಜಾರಿತು.

ತನ್ನ ಬಡಗಿ ಭಾವನ ಶೆಡ್ಡಿನಿಂದ ಅವಳೇ ಮರದ ಹೊಟ್ಟಿನ ಮೂಟೆಗಳನ್ನು ತರಿಸಿದಳು. ಇಬ್ಬರೂ ಸೇರಿ ಗೂಡು ಒಣಗಿಸಿ, ದಪ್ಪಗೆ ಹೊಟ್ಟು ಹಾಸಿದರು. ಹಂದಿಗಳು ಒಂದು ಮೂಲೆಯನ್ನು ಕಕ್ಕಸು ಮಾಡಿಕೊಂಡು, ಉಳಿದ ಕಡೆ ಮಹಾರಾಜರಂತೆ ಮಲಗಿದವು. ಆ ಮೂಲೆಯ ಹೊಟ್ಟನ್ನಷ್ಟೇ ಸಲಿಕೆಯಿಂದ ಎತ್ತಿ ಹಾಕಿದರೆ ಮುಗಿಯಿತು.

“ಎಲ್ಲರ ಮುಂದೆ ಹಾಗೆ ಅನ್ನಬಾರದಿತ್ತು ಕಣೋ,” ಅವಳು ತಲೆ ತಗ್ಗಿಸಿ ಹೊಟ್ಟು ಕೆದಕಿದಳು.

“ಅಂದಿದ್ದಕ್ಕೇ ತಾನೇ ಗೋಡೆ ಹತ್ತಿದ್ದು? ದಿನಾ ಬೈಯಿ.”

ಅವಳು ಒಂದು ಹಿಡಿ ಹೊಟ್ಟು ಅವನ ಮುಖಕ್ಕೆ ಎರಚಿದಳು. ನಕ್ಕಿದ್ದು ಮಾತ್ರ ಕಣ್ಣು ತುಂಬಾ.

ಭಾನುವಾರ ಬೀದಿಗೆ ಬೀದಿಯೇ ಹಿತ್ತಿಲಿಗೆ ಬಂತು. ಅಜ್ಜ ಬಗ್ಗಿ, ಮೂಗು ಚಾಚಿ, ಇನ್ನೊಮ್ಮೆ ಮೂಸಿದ.

“ಬಡಗಿ ಅಂಗಡಿ ಇದ್ದ ಹಾಗಿದೆ ಕಣ್ರೋ! ಇರ್ಲಿ ಬಿಡಿ ಹಂದಿ.”

ಪಟಾಕಿಗೆ ಕುಣಿಯಬೇಕೆನ್ನಿಸಿತು. ಅಷ್ಟರಲ್ಲಿ ಅವಳು, ಅಷ್ಟೂ ಜನರ ಎದುರಿಗೆ, ಅವನನ್ನೇ ದಿಟ್ಟಿಸಿ ಕೇಳಿದಳು:

“ಗೋಡೆ ಹತ್ತಿ ಹತ್ತಿ ನನಗೆ ಸಾಕಾಯ್ತು. ಈ ಮನೆಗೆ ಬಾಗಿಲಿಂದ ಬರೋ ಹಾಗೆ ಮಾಡ್ತೀಯಾ, ಇಲ್ವಾ?”

ಎಲ್ಲದಕ್ಕೂ ಸಿಡಿಯುತ್ತಿದ್ದವನ ಬಾಯಿಗೆ ಬೀಗ ಬಿದ್ದಿತು.

“ಮಾತಾಡೋ!” ಅಜ್ಜ ಗದರಿದ.

ಪಟಾಕಿ ಕೈಯನ್ನು ಅಂಗಿಗೆ ಒರೆಸಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು, ಪಕ್ಕದ ಮನೆಯ ಹೊಸ್ತಿಲಲ್ಲಿ ನಿಂತಿದ್ದ ಅವಳ ಅಮ್ಮನ ಕಡೆಗೆ ಹೆಣ್ಣು ಕೇಳಲು ನೆಟ್ಟಗೆ ನಡೆದ.